ಹನಿ ಬಿದ್ದಾಗ ಏಳುವ ಗುಳ್ಳೆ: ಆ ಗಾಳಿ ಬಂದದ್ದೆಲ್ಲಿಂದ?

ಪ್ರಶ್ನೆ: ನಮ್ಮ ಮನೆಯ ಒಂದು ನಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ತೊಟ್ಟಿಕ್ಕುತ್ತಲೇ ಇರುತ್ತದೆ. ಕೆಳಗೆ ಒಂದು ಎತ್ತರದ ಪಾತ್ರೆ ಇಟ್ಟಿದ್ದೆ. ತಳದಲ್ಲಿ ಸ್ವಲ್ಪ ನೀರಿದ್ದಾಗ ಗುಳ್ಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮುಕ್ಕಾಲು ತುಂಬಿದ ಮೇಲೆ ಪ್ರತಿ ಹನಿಗೂ ಒಂದು ಗುಳ್ಳೆ, ಜೊತೆಗೆ ‘ಟುಳಕ್’ ಅನ್ನುವ ಸದ್ದು. ಕಂಠದವರೆಗೆ ತುಂಬಿದಾಗ ಗುಳ್ಳೆಯೂ ಇಲ್ಲ, ಸದ್ದೂ ಇಲ್ಲ. ಹನಿ ಅದೇ, ನೀರೂ ಅದೇ. ಹನಿಯೊಳಗೆ ಗಾಳಿ ಇರುವುದಿಲ್ಲ ಅಲ್ವಾ? ಹಾಗಾದರೆ ಗುಳ್ಳೆಗೆ ಗಾಳಿ ಎಲ್ಲಿಂದ ಬಂತು? ಮತ್ತೆ, ಹೆಚ್ಚು ಎತ್ತರದಿಂದ ಬಿದ್ದಾಗಲೇ ಹೆಚ್ಚು ಗುಳ್ಳೆ ಬರಬೇಕಿತ್ತಲ್ಲ?

ಉತ್ತರ: ನೀವು ಮೂರು ಹಂತಗಳನ್ನೂ ಗಮನಿಸಿದ್ದೀರಿ ನೋಡಿ, ಅದು ಬಹಳ ಒಳ್ಳೆಯದಾಯಿತು. ಹೆಚ್ಚಿನವರು ‘ಹನಿ ಬಿತ್ತು, ಗುಳ್ಳೆ ಬಂತು’ ಅಂತ ಅಲ್ಲಿಗೇ ಬಿಡುತ್ತಾರೆ. ಗುಟ್ಟು ಇರುವುದೇ ನಿಮ್ಮ ಆ ‘ಮುಕ್ಕಾಲು ತುಂಬಿದ ಮೇಲೆ’ ಎಂಬ ಮಾತಿನಲ್ಲಿ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಿಕೊಳ್ಳೋಣ. ಹನಿ ರಪ್ಪನೆ ಬಡಿಯುತ್ತದೆ, ಬಡಿದ ರಭಸಕ್ಕೆ ಗಾಳಿಯನ್ನು ಎಳೆದುಕೊಂಡು ನೀರೊಳಗೆ ನುಗ್ಗುತ್ತದೆ, ಅದೇ ಗುಳ್ಳೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನೀವು ಕಂಡ ಗುಳ್ಳೆ ಹನಿ ಬಡಿದ ಗಳಿಗೆಯಲ್ಲಿ ಹುಟ್ಟುವುದೇ ಇಲ್ಲ. ಹನಿ ಬಿದ್ದು, ನೀರಿನಲ್ಲಿ ಕಲೆತು, ಅದರ ಕಥೆ ಮುಗಿದ ಮೇಲೆ ಹುಟ್ಟುತ್ತದೆ. ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಸಮಯ ಕಳೆದಿರುತ್ತದೆ. ಕಣ್ಣಿಗೆ ಅದು ಏನೂ ಅಲ್ಲ. ನೀರಿಗೆ ಅದು ಬೇಕಾದಷ್ಟು ಪುರುಸೊತ್ತು.

ಆ ಪುರುಸೊತ್ತಿನಲ್ಲಿ ಏನಾಗುತ್ತದೆ ಅಂತ ನಿಧಾನವಾಗಿ ನೋಡೋಣ. ನಾಲ್ಕು ಮಿಲಿಮೀಟರ್ ಅಗಲದ ಹನಿ, ಹತ್ತು ಸೆಂಟಿಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ನೀರು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 1.4 ಮೀಟರ್. ಹನಿ ನೀರನ್ನು ಸುತ್ತಲೂ ತಳ್ಳುತ್ತದೆ. ಮೇಲ್ಮೈಯಲ್ಲಿ ಒಂದು ಕುಳಿ ಬೀಳುತ್ತದೆ, ಅರ್ಧ ಬಟ್ಟಲಿನ ಆಕಾರದ್ದು. ಹನಿಯ ನೀರೆಲ್ಲ ಈ ಕುಳಿಯ ಒಳಗೋಡೆಗೆ ಬಳಿದುಕೊಂಡಂತೆ ಹರಡಿರುತ್ತದೆ. ಕುಳಿ ಹನಿಗಿಂತ ದೊಡ್ಡದು, ಮತ್ತು ಅದರೊಳಗೆ ಇರುವುದು ಬರೀ ಗಾಳಿ. ಗಾಳಿ ಎಲ್ಲಿಂದ ಬಂತು ಅಂತ ಕೇಳಿದಿರಲ್ಲ, ಇಲ್ಲಿಂದಲೇ. ಹನಿ ಗಾಳಿಯನ್ನು ತರಲಿಲ್ಲ. ಹನಿ ಗುಂಡಿ ತೋಡಿತು, ಗಾಳಿ ತಾನಾಗಿ ಬಂದು ಕೂತಿತು.

ಈಗ ಗುಂಡಿ ಮುಚ್ಚಬೇಕು. ಮುಚ್ಚುವ ಕೆಲಸಕ್ಕೆ ಇಬ್ಬರು ಸೇರುತ್ತಾರೆ. ಒಂದು ಭೂಮಿಯ ಸೆಳೆತ, ಇನ್ನೊಂದು ನೀರಿನ ಮೇಲ್ಮೈ ಎಳೆತ. ಮೇಲ್ಮೈ ಎಳೆತ ಅಂದರೆ ಬೇರೇನಲ್ಲ, ನೀರಿನ ಮೇಲ್ಮೈ ಬಿಗಿಯಾಗಿ ಎಳೆದು ಕಟ್ಟಿದ ತೆಳು ಚರ್ಮದ ಹಾಗೆ ವರ್ತಿಸುವುದು, ಆದಷ್ಟು ಕುಗ್ಗಿಕೊಳ್ಳಲು ನೋಡುವುದು. ಇವೆರಡೂ ಸೇರಿ ಕುಳಿಯ ಗೋಡೆಗಳನ್ನು ಮೊದಲು ನಿಲ್ಲಿಸುತ್ತವೆ. ತಳ ಮಾತ್ರ ಇನ್ನೂ ಕೆಳಕ್ಕೆ ಇಳಿಯುತ್ತಲೇ ಇರುತ್ತದೆ. ಅದೇ ಹೊತ್ತಿಗೆ ಕುಳಿಯ ಅಂಚಿನಿಂದ ಒಂದು ಸಣ್ಣ ಸುಕ್ಕು ಹೊರಡುತ್ತದೆ. ಉಂಗುರದ ಆಕಾರದ ಕಿರುಅಲೆ. ಅದು ಗೋಡೆಯ ಉದ್ದಕ್ಕೂ ಕೆಳಗಿಳಿದು ತಳದ ಕಡೆ ಓಡುತ್ತದೆ. ಇಳಿದಂತೆಲ್ಲ ಉಂಗುರ ಕಿರಿದಾಗುತ್ತದೆ, ಅಲೆ ಚುರುಕಾಗುತ್ತದೆ.

ಆ ಅಲೆ ತಳದ ಹತ್ತಿರ ಬಂದಾಗ ಕುಳಿಯ ಬುಡದಲ್ಲಿ ಒಂದು ಪುಟ್ಟ ಗುಂಡಿ ಉಳಿದಿರುತ್ತದೆ, ದೊಡ್ಡ ಗುಂಡಿಯ ತಳದಲ್ಲಿ ಬೆರಳೊತ್ತಿ ಮಾಡಿದ ತಗ್ಗಿನ ಹಾಗೆ. ಅಲೆ ಎಲ್ಲ ಕಡೆಯಿಂದಲೂ ಒಟ್ಟಿಗೆ ಬಂದು ಆ ತಗ್ಗಿನ ಕತ್ತು ಹಿಸುಕುತ್ತದೆ. ಕತ್ತು ಮುಚ್ಚಿತು ಅಂದರೆ ಒಳಗಿನ ಗಾಳಿ ಸಿಕ್ಕಿಬಿತ್ತು. ನಿಮ್ಮ ಗುಳ್ಳೆ ಅದೇ. ಮೇಲಿನ ದೊಡ್ಡ ಕುಳಿ ತನ್ನ ಪಾಡಿಗೆ ಮುಚ್ಚಿಕೊಳ್ಳುತ್ತದೆ, ಗುಳ್ಳೆ ಕೆಳಗೆ ಉಳಿಯುತ್ತದೆ. ಕುಳಿಯಲ್ಲಿದ್ದ ಗಾಳಿಯ ಒಂದು ಚಿಕ್ಕ ಪಾಲಷ್ಟೇ ಅದರೊಳಗೆ ಇರುವುದು. ಉಳಿದದ್ದೆಲ್ಲ ಬಂದ ದಾರಿಯಲ್ಲೇ ಹೊರಗೆ ಹೋಯಿತು.

ಅಂದರೆ ಇದು ಬಲದ ಲೆಕ್ಕ ಅಲ್ಲ, ಹೊತ್ತಿನ ಲೆಕ್ಕ. ಅಲೆ ತಳ ಮುಟ್ಟುವ ಹೊತ್ತಿಗೂ ತಳ ಇಳಿಯುವುದನ್ನು ನಿಲ್ಲಿಸುವ ಹೊತ್ತಿಗೂ ತಾಳೆಯಾಗಬೇಕು. ಹನಿ ತೀರಾ ಕೆಳಗಿನಿಂದ ಬಿದ್ದರೆ ಕುಳಿ ಆಳವೇ ಆಗಿರುವುದಿಲ್ಲ. ಅಲೆ ಬೇಗ ಬಂದು ಸೇರುತ್ತದೆ, ಆದರೆ ಹಿಸುಕಲು ಕತ್ತೇ ಇಲ್ಲ. ತಳ ಸುಮ್ನೆ ಮೇಲೆದ್ದು ಸಮವಾಗುತ್ತದೆ. ಜಾಸ್ತಿ ಎತ್ತರದಿಂದ ಬಿದ್ದರೆ ಕುಳಿ ದೊಡ್ಡದು, ಅಲೆಗೆ ದಾರಿ ದೂರ. ಅದು ತಲುಪುವಷ್ಟರಲ್ಲಿ ತಳ ಆಗಲೇ ಮೇಲಕ್ಕೆ ಹೊರಟಿರುತ್ತದೆ. ತಗ್ಗು ಅಳಿಸಿಹೋಗುತ್ತದೆ. ಗುಳ್ಳೆಯ ಬದಲು ಕುಳಿಯ ನಡುವಿನಿಂದ ಒಂದು ದಪ್ಪ ನೀರಿನ ಕಂಬ ಎದ್ದು ನಿಲ್ಲುತ್ತದೆ, ತುದಿಯಲ್ಲಿ ಒಂದು ಉಂಡೆ ಹೊತ್ತುಕೊಂಡು. ಹನಿ ಬೀಳುವ ಫೋಟೊ ಅಂದಾಗ ನಮ್ಮ ಕಣ್ಣ ಮುಂದೆ ಬರುವುದು ಈ ಕಂಬವೇ.

ಈ ಎರಡರ ನಡುವೆ ಒಂದು ಕಿಟಕಿ ಇದೆ. ಅದರೊಳಗೆ ಬಿದ್ದ ಪ್ರತಿ ಹನಿಗೂ ಗುಳ್ಳೆ, ತಪ್ಪದೆ. 1990ರಲ್ಲಿ ಓಗುಜ್ ಮತ್ತು ಪ್ರೊಸ್ಪೆರೆಟ್ಟಿ ಎಂಬ ಇಬ್ಬರು ವಿಜ್ಞಾನಿಗಳು ಈ ಕಿಟಕಿಯ ಎರಡು ಅಂಚುಗಳನ್ನೂ ಲೆಕ್ಕದಲ್ಲಿ ಹಿಡಿದರು. ಅವರ ಸೂತ್ರಕ್ಕೆ ನಾಲ್ಕು ಮಿಲಿಮೀಟರ್ ಹನಿಯನ್ನು ಹಾಕಿದರೆ ಎತ್ತರ ಸುಮಾರು 7ರಿಂದ 12 ಸೆಂಟಿಮೀಟರ್ ಅಂತ ಬರುತ್ತದೆ. ಮೂರು ಮಿಲಿಮೀಟರ್ ಹನಿಗೆ ಸುಮಾರು 11ರಿಂದ 20 ಸೆಂಟಿಮೀಟರ್. ಹನಿ ಚಿಕ್ಕದಾದಷ್ಟೂ ಕಿಟಕಿ ಮೇಲಕ್ಕೆ ಸರಿಯುತ್ತದೆ. ಇದನ್ನು ಅಳತೆಪಟ್ಟಿ ಹಿಡಿದು ಮಿಲಿಮೀಟರ್ ಲೆಕ್ಕದಲ್ಲಿ ಪರೀಕ್ಷಿಸಲು ಹೋಗಬೇಡಿ. ನಲ್ಲಿಯ ಬಾಯಿಂದ ಕಳಚಿಕೊಂಡ ಹನಿ ದಾರಿಯುದ್ದಕ್ಕೂ ಅದುರುತ್ತಾ ಬರುತ್ತದೆ. ಒಮ್ಮೆ ಚಪ್ಪಟೆ, ಒಮ್ಮೆ ಉದ್ದ. ನೀರು ಮುಟ್ಟುವಾಗ ಯಾವ ಆಕಾರದಲ್ಲಿತ್ತು ಅನ್ನುವುದರ ಮೇಲೂ ಗುಳ್ಳೆ ನಿಂತಿದೆ.

ನಿಮ್ಮ ಪಾತ್ರೆಗೆ ಬರೋಣ. ನಲ್ಲಿ ಕದಲಲಿಲ್ಲ, ನೀರಿನ ಮಟ್ಟ ಮಾತ್ರ ಏರುತ್ತಾ ಬಂತು. ಅಂದರೆ ಹನಿ ಬೀಳುವ ಎತ್ತರ ಕಮ್ಮಿಯಾಗುತ್ತಾ ಬಂತು. ಮುಕ್ಕಾಲು ತುಂಬಿದಾಗ ಆ ಎತ್ತರ ಕಿಟಕಿಯೊಳಗೆ ಬಂತು. ಕಂಠದವರೆಗೆ ತುಂಬಿದಾಗ ಕಿಟಕಿಯ ಕೆಳಗೆ ಇಳಿಯಿತು.

ಹಾಗಾದರೆ ತಳದಲ್ಲಿ ನೀರಿದ್ದಾಗ, ಅಂದರೆ ಎತ್ತರ ಹೆಚ್ಚಿದ್ದಾಗ, ‘ಬಂದರೆ ಬಂತು’ ಅನ್ನುವ ಹಾಗೆ ಬಂದ ಗುಳ್ಳೆ ಯಾವುದು? ಅದು ಬೇರೆ ಜಾತಿ. ಕಂಬದ ತುದಿಯ ಉಂಡೆ ಕಳಚಿ ಮತ್ತೆ ನೀರಿಗೆ ಬೀಳುತ್ತದೆ. ಅಂಚಿನಿಂದ ಸಿಡಿದ ತುಂತುರು ಅಲ್ಲಿ ಇಲ್ಲಿ ಬೀಳುತ್ತದೆ. ಕಂಬವೇ ಒರಗಿ ಕುಸಿಯುವುದೂ ಉಂಟು. ಇವುಗಳಲ್ಲಿ ಯಾವುದೋ ಒಂದು ಅದೃಷ್ಟವಶಾತ್ ಗಾಳಿಯನ್ನು ಹಿಡಿದುಹಾಕಬಹುದು, ಹಿಡಿಯದೇ ಇರಬಹುದು. ಹಾಗಾಗಿ ಎತ್ತರದಿಂದ ಬಿದ್ದರೆ ಜಾಸ್ತಿ ಗುಳ್ಳೆ ಅನ್ನುವ ನಿಮ್ಮ ಊಹೆ ಪೂರ್ತಿ ತಪ್ಪೇನಲ್ಲ. ಗದ್ದಲ ಜಾಸ್ತಿಯಾಗುತ್ತದೆ, ಗದ್ದಲದಲ್ಲಿ ಗುಳ್ಳೆಗಳೂ ಹುಟ್ಟುತ್ತವೆ. ಹನಿಗೊಂದರಂತೆ ಹುಟ್ಟುವ ಶಿಸ್ತು ಮಾತ್ರ ಅಲ್ಲಿರುವುದಿಲ್ಲ.

ಸದ್ದಿನ ವಿಷಯ ನೀವು ಬರೀ ಜೊತೆಗೆ ಹೇಳಿ ಬಿಟ್ಟಿರಿ. ನನಗೆ ಅದೇ ಹೆಚ್ಚು ಇಷ್ಟ. ‘ಟುಳಕ್’ ಅನ್ನುವುದು ನೀರಿಗೆ ಹನಿ ಬಡಿದ ಸದ್ದಲ್ಲ. ಗುಳ್ಳೆಯ ಸದ್ದು. ಕತ್ತು ಹಿಸುಕಿ ಮುಚ್ಚಿದ ಕೂಡಲೇ ಒಳಗಿನ ಗಾಳಿ ಒಮ್ಮೆ ಕುಗ್ಗಿ, ಒಮ್ಮೆ ಹಿಗ್ಗಿ, ಸ್ಪ್ರಿಂಗಿನ ಹಾಗೆ ಅದುರತೊಡಗುತ್ತದೆ. ಗಾಳಿ ಸ್ಪ್ರಿಂಗ್ ಆದರೆ ಸುತ್ತಲಿನ ನೀರು ಅದಕ್ಕೆ ಕಟ್ಟಿದ ಭಾರ. ಮಾರ್ಸೆಲ್ ಮಿನ್ನಾರ್ಟ್ ಎಂಬ ಖಗೋಳ ವಿಜ್ಞಾನಿ 1933ರಲ್ಲಿ ಈ ಅದುರುವಿಕೆಯ ಲೆಕ್ಕ ಕೊಟ್ಟರು. ನಕ್ಷತ್ರ ನೋಡುವವರಿಗೆ ಗುಳ್ಳೆಯ ಉಸಾಬರಿ ಯಾಕೆ ಬೇಕಿತ್ತೋ, ಅಂತೂ ನಮಗೆ ಲಾಭವಾಯಿತು. ಲೆಕ್ಕ ತುಂಬಾ ಸುಲಭ. 3.26 ಅನ್ನು ಗುಳ್ಳೆಯ ತ್ರಿಜ್ಯದಿಂದ ಭಾಗಿಸಿ, ತ್ರಿಜ್ಯ ಮಿಲಿಮೀಟರಿನಲ್ಲಿರಲಿ. ಬಂದ ಉತ್ತರ ಕಿಲೋಹರ್ಟ್ಸ್‌ನಲ್ಲಿ ಆ ಗುಳ್ಳೆಯ ಸ್ವರ. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,300 ಸಲ ಅದುರುತ್ತದೆ. ಅದರ ಅರ್ಧದಷ್ಟು ಗುಳ್ಳೆ ಸುಮಾರು 6,500 ಸಲ. ಗುಳ್ಳೆ ಚಿಕ್ಕದಾದಷ್ಟೂ ಸ್ವರ ಮೇಲೆ.

ಒಂದು ತೊಡಕು ಉಳಿದಿತ್ತು. ನೀರೊಳಗಿನ ಸದ್ದು ಗಾಳಿಗೆ ಅಷ್ಟು ಸುಲಭವಾಗಿ ದಾಟುವುದಿಲ್ಲ. ಹಾಗಿದ್ದರೆ ಕೋಣೆಯ ಆಚೆ ಮಲಗಿದವರಿಗೂ ಕೇಳುವಷ್ಟು ಜೋರಾಗಿ ನಲ್ಲಿ ಹೇಗೆ ಕಾಡುತ್ತದೆ? ಕೇಂಬ್ರಿಜ್ ವಿಶ್ವವಿದ್ಯಾಲಯದ ಅನುರಾಗ್ ಅಗರ್ವಾಲ್ ಅವರಿಗೆ ಈ ಪ್ರಶ್ನೆ ಹೊಳೆದದ್ದು ಬ್ರೆಜಿಲ್‌ನಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಉಳಿದುಕೊಂಡಿದ್ದಾಗ, ಸೋರುವ ಮಾಡಿನ ಕೆಳಗೆ ಇಟ್ಟ ಬಕೆಟ್ಟಿನಿಂದ. 2018ರಲ್ಲಿ ಅವರ ತಂಡ ಉತ್ತರ ಪ್ರಕಟಿಸಿತು. ಗುಳ್ಳೆ ಹುಟ್ಟುವುದು ಕುಳಿಯ ತಳಕ್ಕೆ ಬಹಳ ಹತ್ತಿರದಲ್ಲಿ. ಹಾಗಾಗಿ ಅದರ ಅದುರುವಿಕೆ ಕುಳಿಯ ತಳದ ನೀರಿನ ಮೇಲ್ಮೈಯನ್ನೇ ಕುಣಿಸುತ್ತದೆ. ಆ ಮೇಲ್ಮೈ ಗಾಳಿಯನ್ನು ತಳ್ಳುತ್ತದೆ, ಸ್ಪೀಕರಿನ ಹಾಳೆಯ ಹಾಗೆ. ಹನಿ ಬಡಿಯುವುದು, ಕುಳಿ ಬೀಳುವುದು, ಕಂಬ ಏಳುವುದು, ಇವೆಲ್ಲ ಗಾಳಿಯಲ್ಲಿ ಹೆಚ್ಚುಕಮ್ಮಿ ಸದ್ದಿಲ್ಲದೆ ನಡೆದುಹೋಗುತ್ತವೆ.

ಅವರೇ ಹೇಳಿದ ಪರಿಹಾರ ನಿಮಗೂ ಉಪಯೋಗಕ್ಕೆ ಬರುತ್ತದೆ. ಪಾತ್ರೆಯ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಸದ್ದು ನಿಲ್ಲುತ್ತದೆ. ಸೋಪು ಹಾಕಿದರೆ ಗುಳ್ಳೆ ಜಾಸ್ತಿ ಆಗಬೇಕಲ್ವಾ ಅಂತ ಯಾರಿಗಾದರೂ ಅನ್ನಿಸುತ್ತದೆ. ಇಲ್ಲಿ ಉಲ್ಟಾ. ಸೋಪು ಮೇಲ್ಮೈ ಎಳೆತವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಗೋಡೆಯಲ್ಲಿ ಇಳಿದು ಬರುವ ಆ ಕಿರುಅಲೆಗೆ ಓಟ ಕೊಡುವುದೇ ಮೇಲ್ಮೈ ಎಳೆತ. ಅದು ಸೊರಗಿದರೆ ಅಲೆಯೂ ಸೊರಗುತ್ತದೆ, ಕತ್ತು ಹಿಸುಕುವವರು ಯಾರೂ ಇಲ್ಲ. ನೊರೆಯಲ್ಲಿ ಸೋಪಿನ ಪಾತ್ರ ಬೇರೆ: ಆಗಲೇ ಹುಟ್ಟಿದ ಗುಳ್ಳೆ ಬೇಗ ಒಡೆಯದ ಹಾಗೆ ಕಾಯುವುದು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ ಅನ್ನಿ. ಪ್ರಯೋಗಾಲಯದಲ್ಲಿ ಶುರುವಿನ ದಿನಗಳು. ಸೂಜಿಯಿಂದ ಹನಿ ಬೀಳಿಸಿ, ಪ್ರತಿ ಸಲವೂ ಗುಳ್ಳೆ ಬರುವ ಎತ್ತರ ಹುಡುಕಿ, ಗುರುತು ಹಾಕಿ ಮನೆಗೆ ಹೋಗಿದ್ದೆ. ಮಾರನೇ ದಿನ ಅದೇ ಗುರುತು, ಅದೇ ಸೂಜಿ, ಒಂದೇ ಒಂದು ಗುಳ್ಳೆ ಇಲ್ಲ. ಎರಡು ದಿನ ಸೂಜಿ ಬದಲಿಸಿದೆ, ಎತ್ತರ ಬದಲಿಸಿದೆ, ಕ್ಯಾಮೆರಾವನ್ನೂ ಅನುಮಾನಿಸಿದೆ. ಕೊನೆಗೆ ನೆನಪಾಯಿತು: ಮೊದಲ ದಿನ ಸಂಜೆ ಹೊರಡುವ ಮುಂಚೆ ಗಾಜಿನ ತೊಟ್ಟಿಯನ್ನು ಸೋಪು ಹಾಕಿ ಚೆನ್ನಾಗಿ ತಿಕ್ಕಿದ್ದೆ, ಸರಿಯಾಗಿ ಜಾಲಿಸಿರಲಿಲ್ಲ. ಕಣ್ಣಿಗೆ ಕಾಣದಷ್ಟು ಸೋಪು ಅಂಟಿಕೊಂಡಿತ್ತು. ನಾಲ್ಕೈದು ಸಲ ಬರೀ ನೀರಿನಲ್ಲಿ ತೊಳೆದ ಮೇಲೆ ಗುಳ್ಳೆಗಳು ವಾಪಸ್ಸು ಬಂದವು.

ನೀರಿಗಿಂತ ಮಂದವಾದ ದ್ರವದಲ್ಲೂ ಹೀಗೇ. ಗ್ಲಿಸರಿನ್ ಬೆರೆಸುತ್ತಾ ಹೋದರೆ ಕಿರುಅಲೆ ದಾರಿಯಲ್ಲೇ ಕರಗಿಹೋಗುತ್ತದೆ, ಈ ಬಗೆಯ ಗುಳ್ಳೆ ನಿಂತುಹೋಗುತ್ತದೆ.

ಈಗ ಒಂದು ತಿದ್ದುಪಡಿ. ಹನಿ ಬಡಿದ ಗಳಿಗೆಯಲ್ಲಿ ಗುಳ್ಳೆ ಹುಟ್ಟುವುದಿಲ್ಲ ಅಂದೆ. ನೀವು ಕಂಡ ಗುಳ್ಳೆಯ ಮಟ್ಟಿಗೆ ಅದು ಸರಿ. ಆದರೆ ನೀವು ಕಾಣದ ಇನ್ನೊಂದು ಗುಳ್ಳೆ ಇದೆ, ಅದು ಹುಟ್ಟುವುದು ಆಗಲೇ. ಹನಿ ನೀರಿಗೆ ತೀರಾ ಹತ್ತಿರ ಬಂದಾಗ ನಡುವಿನ ಗಾಳಿ ಪಕ್ಕಕ್ಕೆ ಜಾರಿ ಹೋಗಬೇಕು. ಅದಕ್ಕೆ ಸಮಯ ಸಾಲುವುದಿಲ್ಲ. ಒತ್ತಡ ಏರುತ್ತದೆ, ಹನಿಯ ಕೆಳಭಾಗವೂ ನೀರಿನ ಮೇಲ್ಮೈಯೂ ಸ್ವಲ್ಪ ಒಳಕ್ಕೆ ತಗ್ಗುತ್ತವೆ. ಆಗ ಹನಿ ಮೊದಲು ನೀರನ್ನು ಮುಟ್ಟುವುದು ನಡುವಿನಲ್ಲಲ್ಲ, ಸುತ್ತಲೂ ಒಂದು ಬಳೆಯ ಹಾಗೆ. ಬಳೆಯೊಳಗೆ ಬಿಲ್ಲೆಯಂಥ ಗಾಳಿಯ ಪದರ ಸಿಕ್ಕಿಬೀಳುತ್ತದೆ, ದಪ್ಪ ಕೆಲವೇ ಮೈಕ್ರೋಮೀಟರ್. ಮೇಲ್ಮೈ ಎಳೆತ ಆ ಬಿಲ್ಲೆಯನ್ನು ಮುದುಡಿಸಿ ಒಂದು ಚುಕ್ಕೆ ಗುಳ್ಳೆ ಮಾಡುತ್ತದೆ. ತಲೆಗೂದಲಿನ ದಪ್ಪಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. 50 ಮೈಕ್ರೋಮೀಟರಿನ ಗುಳ್ಳೆ ಸೆಕೆಂಡಿಗೆ ಒಂದು ಮಿಲಿಮೀಟರ್ ಚಿಲ್ಲರೆ ವೇಗದಲ್ಲಿ ಮೇಲೇರುತ್ತದೆ, ಅಂದರೆ ತುಂಬಾ ಹೊತ್ತು ನೀರಿನಲ್ಲೇ ತೇಲಾಡಿಕೊಂಡಿರುತ್ತದೆ. ಗಾಜಿನ ಲೋಟಕ್ಕೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದರೆ ಧೂಳಿನ ಕಣದ ಹಾಗೆ ಮಿನುಗುವುದು ಇವೇ ಇರಬಹುದು.

ಹನಿಯನ್ನು ತೀರಾ ಮೆಲ್ಲಗೆ, ಕೆಲವೇ ಮಿಲಿಮೀಟರ್ ಮೇಲಿನಿಂದ ಬಿಟ್ಟರೆ ಇನ್ನೊಂದು ಚಂದ ಇದೆ. ಕೆಲವೊಮ್ಮೆ ಈ ಗಾಳಿಯ ಪದರ ಒಡೆಯುವುದೇ ಇಲ್ಲ. ಹನಿ ನೀರಿನ ಮೇಲೆ ಮುತ್ತಿನ ಹಾಗೆ ಕ್ಷಣಕಾಲ ಉರುಳಾಡುತ್ತದೆ. ಇಲ್ಲವೇ ಪದರ ಹನಿಯನ್ನು ಪೂರ್ತಿ ಸುತ್ತಿಕೊಂಡು ಒಳಗಿಳಿದು, ಆಮೇಲೆ ಹರಿದು, ನೂರಾರು ಚುಕ್ಕೆ ಗುಳ್ಳೆಗಳಾಗಿ ಚೆದುರುತ್ತದೆ. ಅಮೆರಿಕದ ಮೆಸ್ಲರ್ ಅವರ ಹೆಸರಿನಿಂದ ಈ ಕ್ಷೇತ್ರದಲ್ಲಿ ಇವನ್ನು ಮೆಸ್ಲರ್ ಗುಳ್ಳೆಗಳು ಅನ್ನುತ್ತಾರೆ. ನೀರಿನಲ್ಲಿ ಇವು ಬಹಳ ಹಠಮಾರಿ. ಬೇಕು ಅಂದಾಗ ಬರುವುದಿಲ್ಲ.

ಮಳೆಯಲ್ಲಿ ನಿಂತ ನೀರಿನ ಮೇಲೆ ತೇಲುವ ದೊಡ್ಡ ಅರ್ಧಗೋಳದ ಗುಳ್ಳೆಗಳ ಬಗ್ಗೆಯೂ ಮುಂದೆ ಕೇಳುತ್ತೀರಿ ಅನ್ನಿಸುತ್ತದೆ, ಈಗಲೇ ಹೇಳಿಬಿಡುತ್ತೇನೆ. ಅವು ಕುಳಿಯ ತಳದಲ್ಲಿ ಹುಟ್ಟಿದವಲ್ಲ. ದಪ್ಪ ಮಳೆಹನಿ ಸೆಕೆಂಡಿಗೆ ಎಂಟೊಂಬತ್ತು ಮೀಟರ್ ವೇಗದಲ್ಲಿ ಬಿದ್ದಾಗ ಕುಳಿಯ ಸುತ್ತ ನೀರಿನ ತೆಳು ಗೋಡೆ ಕಿರೀಟದ ಹಾಗೆ ಏಳುತ್ತದೆ. ಗೋಡೆ ಒಳಕ್ಕೆ ಬಾಗಿ ಮೇಲೆ ಕೂಡಿಕೊಂಡರೆ ಗುಮ್ಮಟವಾಯಿತು. ಕಿರೀಟದ ಫೋಟೊಗಳಿಗೆ ದಾರಿ ಮಾಡಿದವರು ಇಂಗ್ಲೆಂಡಿನ ವರ್ದಿಂಗ್ಟನ್. ಕತ್ತಲೆಕೋಣೆಯಲ್ಲಿ ವಿದ್ಯುತ್ ಕಿಡಿ ಹಾರಿಸಿ, ಆ ಬೆಳಕಿನಲ್ಲಿ ಕಂಡದ್ದನ್ನು ವರ್ಷಗಟ್ಟಲೆ ಕೈಯಲ್ಲೇ ಬಿಡಿಸಿದ್ದರು. ಚಿತ್ರಗಳಲ್ಲಿ ಎಲ್ಲ ಸಮಸಮ, ಅಚ್ಚುಕಟ್ಟು. 1890ರ ದಶಕದಲ್ಲಿ ಫೋಟೊ ತೆಗೆದು ನೋಡಿದರೆ ಕಿರೀಟಗಳು ಓರೆಕೋರೆ! ಕಣ್ಣು ಕಂಡದ್ದನ್ನು ಮನಸ್ಸು ತಿದ್ದಿಕೊಂಡಿತ್ತು. ಈ ಕೆಲಸ ಮಾಡುವ ಎಲ್ಲರಿಗೂ ಅವರ ಪೇಚು ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ಮಳೆಗೂ ನಿಮ್ಮ ನಲ್ಲಿಗೂ ನೇರ ನಂಟಿದೆ. ಮಳೆಹನಿಗಳಲ್ಲಿ 0.8ರಿಂದ 1.1 ಮಿಲಿಮೀಟರ್ ಅಗಲದವು ಮಾತ್ರ ಅದೇ ಶಿಸ್ತಿನ ಕಿಟಕಿಯೊಳಗೆ ಬರುತ್ತವೆ. ಅದಕ್ಕೇ ಸೋನೆಮಳೆ ಸುರಿಯುವಾಗ ಸಮುದ್ರದೊಳಗೆ ಮೈಕ್ ಇಳಿಸಿದರೆ 14-15 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಎದ್ದು ಕಾಣುವ ಸಿಳ್ಳಿನಂಥ ಸದ್ದು ಸಿಗುತ್ತದೆ. ಮಿನ್ನಾರ್ಟ್ ಲೆಕ್ಕ ಹಾಕಿದರೆ ಸುಮಾರು 0.22 ಮಿಲಿಮೀಟರ್ ತ್ರಿಜ್ಯದ ಗುಳ್ಳೆಗಳು. ಇದಕ್ಕಿಂತ ದಪ್ಪ, ಎರಡು ಮಿಲಿಮೀಟರಿನವರೆಗಿನ ಹನಿಗಳು ನೀರೊಳಗೆ ಹೆಚ್ಚುಕಮ್ಮಿ ಮೌನ. ಇನ್ನೂ ದಪ್ಪ ಹನಿಗಳು ಮತ್ತೆ ಗದ್ದಲ ಎಬ್ಬಿಸುತ್ತವೆ. ಸಮುದ್ರದ ನಡುವೆ ಎಷ್ಟು ಮಳೆ ಬಂತು ಅಂತ ನೀರೊಳಗೆ ಕಿವಿಯಿಟ್ಟು ಅಂದಾಜು ಮಾಡುವವರು ಈ ವ್ಯತ್ಯಾಸವನ್ನೇ ನಂಬಿದ್ದಾರೆ. ಗಾಳಿ ಬೀಸಿ ಹನಿ ಓರೆಯಾಗಿ ಬಿದ್ದರೆ ಸೋನೆಯ ಸಿಳ್ಳು ಮಂಕಾಗುತ್ತದೆ, ಏಕೆಂದರೆ ಓರೆ ಕುಳಿಯಲ್ಲಿ ಅಲೆ ಎಲ್ಲ ಕಡೆಯಿಂದ ಒಟ್ಟಿಗೆ ಬಂದು ಸೇರುವುದಿಲ್ಲ.

ನೀವೇ ನೋಡಬೇಕು ಅಂದರೆ ಇಷ್ಟು ಸಾಕು: ಅಂಚಿನವರೆಗೆ ನೀರು ತುಂಬಿದ ಗಾಜಿನ ಲೋಟ, ಔಷಧಿ ಹಾಕುವ ಡ್ರಾಪರ್, ಸ್ಲೋ ಮೋಷನ್ ಇರುವ ಫೋನ್. ಲೋಟವನ್ನು ಸೋಪಿಲ್ಲದೆ ಜಾಲಿಸಿ, ನನ್ನ ಗತಿ ನಿಮಗೆ ಬೇಡ. ಫೋನನ್ನು ನೀರಿನ ಮಟ್ಟಕ್ಕಿಂತ ಕೊಂಚ ಕೆಳಗೆ ಇಟ್ಟು ಪಕ್ಕದಿಂದ ನೋಡುವ ಹಾಗಿರಲಿ, ಹಿಂದೆ ಬೆಳಕಿರಲಿ. ಡ್ರಾಪರನ್ನು ಎರಡು ಸೆಂಟಿಮೀಟರಿನಿಂದ ಶುರುಮಾಡಿ ಒಂದೊಂದೇ ಸೆಂಟಿಮೀಟರ್ ಮೇಲಕ್ಕೆ ಒಯ್ಯಿರಿ, ಪ್ರತಿ ಎತ್ತರದಲ್ಲಿ ಹತ್ತು ಹನಿ. ಕಣ್ಣಿಗಿಂತ ಕಿವಿಯನ್ನು ನಂಬಿ. ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನಿನಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಾಲ್ಕು ಮಿಲಿಸೆಕೆಂಡ್ ಅಂತರ. ಕುಳಿ ನಾಲ್ಕೈದು ಚಿತ್ರಗಳಲ್ಲಿ ಸಿಗುತ್ತದೆ, ಕತ್ತು ಹಿಸುಕುವ ಗಳಿಗೆ ಬಹುಶಃ ಸಿಗುವುದಿಲ್ಲ. ಒಂದು ಚಿತ್ರದಲ್ಲಿ ಕುಳಿ, ಮುಂದಿನದರಲ್ಲಿ ಅದರ ಕೆಳಗೆ ಗುಳ್ಳೆ ಕೂತಿರುತ್ತದೆ.